ರೋಮೆಡ್ ಕೈ ಎತ್ತಿದ ಸಭೆ

ಸ್ಟಾಫೆಲ್ ಊರಿನ ರೋಮೆಡ್ ಚಳಿಗಾಲವನ್ನೆಲ್ಲ ಬೆಟ್ಟದ ನೆತ್ತಿಯ ಮೇಲೆಯೇ ಕಳೆಯುತ್ತಿದ್ದ. ಬೇಸಿಗೆಯಲ್ಲಿ ಹುಲ್ಲು ಕೊಯ್ಯುವುದು, ಇದ್ದ ನಾಲ್ಕು ಹಸುಗಳನ್ನು ನೋಡಿಕೊಳ್ಳುವುದು. ಹಿಮ ಬಿತ್ತೆಂದರೆ, ಸ್ಕೀ ಆಡಲು ಬಂದವರನ್ನು ಬೆಟ್ಟ ಹತ್ತಿಸುವ ಲಿಫ್ಟಿನ ಕೆಲಸ. ಟಿರೋಲ್ ಸೀಮೆಯಲ್ಲಿ ಅವನಂಥವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಮದುವೆಯಾಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವನದು ನೆತ್ತಿಯ ಮೇಲಿನ ಸಣ್ಣ ಲಿಫ್ಟು. ಊರವರು ಅದನ್ನು ಕೋಲಿನ ಲಿಫ್ಟು ಅನ್ನುತ್ತಿದ್ದರು. ಮೇಲೆ ಓಡುವ ಹಗ್ಗದಿಂದ ಕೋಲುಗಳು ಜೋತುಬಿದ್ದು ಒಂದರ ಹಿಂದೆ ಒಂದು ಬರುತ್ತವೆ. ಬಂದ ಕೋಲನ್ನು ಹಿಡಿದು, ಸ್ಕೀ ಕಟ್ಟಿಕೊಂಡು ನಿಂತವರ ಕುಂಡೆಯ ಕೆಳಗೆ ಸರಿಯಾಗಿ ಕೊಡಬೇಕು. ಅದು ಅವರನ್ನು ಹಿಮದ ಮೇಲೆ ಜಾರಿಸುತ್ತ ಏರಿಗೆ ಎಳೆದುಕೊಂಡು ಹೋಗುತ್ತದೆ. ಕೋಲಿಗೆ ಒರಗಬೇಕು, ಕೂರಬಾರದು. ಕೂತವರು ಬೀಳುತ್ತಾರೆ. "ಕೂರಬೇಡಿ" ಅನ್ನುವುದೊಂದು ಬಿಟ್ಟರೆ ರೋಮೆಡ್ ದಿನವಿಡೀ ಬೇರೆ ಮಾತಾಡಿದ್ದನ್ನು ಕೇಳಿದವರು ಕಡಿಮೆ.

ನೆತ್ತಿಯ ಈ ಕಡೆ ಸ್ಟಾಫೆಲ್, ಆ ಕಡೆ ಲಾನ್‌ಬಾಖ್. ಚಳಿಗಾಲದಲ್ಲಿ ಮೇಲಿನ ರಸ್ತೆ ಮುಚ್ಚಿರುತ್ತದೆ. ಬಸ್ಸಿನಲ್ಲಿ ಹೋಗಬೇಕೆಂದರೆ ಕೆಳಗಿನ ದೊಡ್ಡ ಕಣಿವೆಗೆ ಇಳಿದು, ಪೇಟೆ ಸುತ್ತಿ, ಮತ್ತೆ ಹತ್ತಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಆದರೆ ನೆತ್ತಿಯ ಮೇಲಿಂದ ಸ್ಕೀಯಲ್ಲಿ ಇಳಿದರೆ ಒಲೆಯ ಮೇಲಿಟ್ಟ ಕಾಫಿ ಕುದಿಯುವಷ್ಟರಲ್ಲಿ ಲಾನ್‌ಬಾಖ್ ಇಗರ್ಜಿಯ ಮುಂದೆ ಇರಬಹುದು. ಹಾಗಾಗಿ ಎರಡೂ ಊರಿನವರು ಕೊಡುವುದು ತರುವುದು, ಹೆಣ್ಣು ಗಂಡು, ಜಗಳ ಎಲ್ಲವನ್ನೂ ನೆತ್ತಿಯ ಮೇಲಿಂದಲೇ ನಡೆಸುತ್ತಿದ್ದರು.

ರೋಮೆಡನ ಅಕ್ಕ ಬುರ್ಗಿಯನ್ನು ಲಾನ್‌ಬಾಖಿನ ಸೆರಾಫಿನ್‌ಗೆ ಕೊಟ್ಟಿತ್ತು. ಸೆರಾಫಿನ್ ಕೂಡ ಲಿಫ್ಟಿನವನೇ, ಆ ಕಡೆಯ ಮೇಲಿನ ನಿಲ್ದಾಣದಲ್ಲಿ ಅವನ ಕೆಲಸ. ನೆತ್ತಿಯಿಂದ ಆ ಕಡೆಗೆ ಕೂಗಳತೆ ದೂರದಲ್ಲಿ ಒಂದು ಮರದ ಊಟದ ಮನೆ ಇತ್ತು. ಲಾನ್‌ಬಾಖಿನ ಲಿಫ್ಟ್ ಕಂಪನಿಯಿಂದ ಅದನ್ನು ಗುತ್ತಿಗೆಗೆ ಹಿಡಿದು ಬುರ್ಗಿ ನಡೆಸುತ್ತಿದ್ದಳು. ಮಧ್ಯಾಹ್ನ ಜನ ಕಡಿಮೆಯಾದ ಹೊತ್ತಿಗೆ ರೋಮೆಡ್ ಕೋಲುಗಳನ್ನು ಜೊತೆಯವನ ಕೈಗೆ ಕೊಟ್ಟು, ಭಾರದ ಬೂಟು ಎಳೆದುಕೊಂಡು ಅಲ್ಲಿಗೆ ನಡೆಯುತ್ತಿದ್ದ. ಅಡುಗೆಮನೆಯ ಹಿಂಬಾಗಿಲಿಂದ ಒಳಗೆ ಹೋಗಿ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತರೆ ಮುಂದೆ ಬಾರ್ಲಿ ಸೂಪು ಬರುತ್ತಿತ್ತು.

"ಬಂದ ನೋಡು, ಸ್ಟಾಫೆಲ್ ಸರ್ಕಾರ," ಅನ್ನುತ್ತಿದ್ದ ಸೆರಾಫಿನ್. "ಇವತ್ತು ಎಷ್ಟು ಜನರ ಕುಂಡೆ ನೋಡ್ದೆ?"

"ನಿಮ್ಮೂರೋರದ್ದೇ ಜಾಸ್ತಿ. ಒಬ್ಬೊಬ್ಬರದು ಬಾಗ್ಲು ತುಂಬ್ತದೆ."

"ಥೂ, ಊಟದ ಮುಂದೆ ಎಂಥ ಮಾತು ಆಡ್ತೀರೋ," ಎಂದು ಬುರ್ಗಿ ಸೌಟಿನಿಂದ ಇಬ್ಬರ ತಲೆಗೂ ಒಂದೊಂದು ಕೊಟ್ಟು, ನಗುತ್ತ ಇನ್ನೊಂದು ಸೌಟು ಬಡಿಸುತ್ತಿದ್ದಳು.

ರೋಮೆಡ್ ಬಾಯಿ ಬಿಡುತ್ತಿದ್ದದ್ದು ಆ ಬೆಂಚಿನ ಮೇಲೆ ಮಾತ್ರ. ಹಸುವಿನ ಕಾಲುನೋವು, ಛಾವಣಿಯ ಸೋರಿಕೆ, ಇಗರ್ಜಿಯಲ್ಲಿ ಪಾದ್ರಿ ಮರೆತ ಮಾತು, ಎಲ್ಲ ಅಲ್ಲೇ ಹೇಳುತ್ತಿದ್ದ. ಸಂಜೆ ಮನೆಗೆ ಹೋದರೆ ಮಾತಾಡಲು ಯಾರೂ ಇರಲಿಲ್ಲ. ಮಧ್ಯಾಹ್ನ ಆಡಿದ ಮಾತಿನಲ್ಲೇ ಅವನು ಮರುದಿನದವರೆಗೂ ಬದುಕುತ್ತಿದ್ದ.

ಇದೆಲ್ಲ ನಡೆದುಕೊಂಡು ಬಂದಿದ್ದು ಜಂಟಿ ಪಾಸಿನಿಂದ. ಒಂದು ಪಾಸು ಕೊಂಡರೆ ಎರಡೂ ಊರಿನ ಲಿಫ್ಟು ಹತ್ತಬಹುದಿತ್ತು. ಬಂದವರು ಬೆಳಿಗ್ಗೆ ಸ್ಟಾಫೆಲ್‌ನಲ್ಲಿ ಹತ್ತಿ, ನೆತ್ತಿ ದಾಟಿ, ಬುರ್ಗಿಯ ಹತ್ತಿರ ಊಟ ಮಾಡಿ, ಲಾನ್‌ಬಾಖಿನ ಇಳಿಜಾರುಗಳಲ್ಲಿ ಆಡಿ ಸಂಜೆಗೆ ವಾಪಸಾಗುತ್ತಿದ್ದರು. ಪ್ರತಿ ಲಿಫ್ಟಿನ ಬಾಯಲ್ಲೂ ಗೇಟಿತ್ತು, ಹೋದವರನ್ನು ಅದೇ ಎಣಿಸುತ್ತಿತ್ತು. ಚಳಿಗಾಲ ಮುಗಿದ ಮೇಲೆ ಯಾವ ಊರಿನ ಗೇಟುಗಳು ಎಷ್ಟು ತಲೆ ಎಣಿಸಿದವೋ ಅದರ ಮೇಲೆ ಪಾಸಿನ ದುಡ್ಡಿನಲ್ಲಿ ಪಾಲು.

ಲಾನ್‌ಬಾಖಿನವರು ಹಳೆಯ ಲಿಫ್ಟು ಕಿತ್ತು, ಊರಿಂದ ನೆತ್ತಿಯವರೆಗೆ ಒಂದೇ ಸಲಕ್ಕೆ ಬರುವ ಗಾಜಿನ ಡಬ್ಬಿಗಳ ಲಿಫ್ಟು ಹಾಕಿದ ಮೇಲೆ ತಕರಾರು ಹುಟ್ಟಿಕೊಂಡಿತು. ಅವರ ಮಾತಿನಲ್ಲಿ ನ್ಯಾಯವಿತ್ತು. "ನಮ್ಮ ಡಬ್ಬಿ ಒಬ್ಬನನ್ನ ಊರಿಂದ ನೆತ್ತಿಗೆ ಹೊತ್ತು ತಂದ್ರೂ ಒಂದು ಲೆಕ್ಕ. ನಿಮ್ಮ ರೋಮೆಡ್ ಒಬ್ಬನನ್ನ ಹಿತ್ತಲಿನಷ್ಟು ದೂರ ಎಳೆದ್ರೂ ಒಂದು ಲೆಕ್ಕ. ಇದ್ಯಾವ ಸೀಮೆ ಹಂಚಿಕೆ? ಎಷ್ಟು ಎತ್ತರ ಹತ್ತಿಸ್ತೀವೋ ಅದರ ಮೇಲೆ ಪಾಲಾಗ್ಲಿ."

ಸ್ಟಾಫೆಲ್‌ನವರ ಮಾತಿನಲ್ಲೂ ನ್ಯಾಯವಿತ್ತು. "ಆ ಕೋಲಿಲ್ದಿದ್ರೆ ನಿಮ್ಮ ಗಿರಾಕಿಗಳು ನಿಮ್ಮ ಕಡೆಗೆ ವಾಪಸ್ ಬರೋದು ಹೇಗೆ? ಹೆಗಲ ಮೇಲೆ ಸ್ಕೀ ಹೊತ್ಕೊಂಡು ನಡೀತಾರಾ?"

ಆದರೆ ಸ್ಟಾಫೆಲ್‌ನವರು ಪೂರ್ತಿ ಸಾಚಾ ಆಗಿರಲಿಲ್ಲ. ಲಿಫ್ಟಿನ ಸಂಘದ ಯಜಮಾನ ಗೆಬ್‌ಹಾರ್ಡ್ ಒಂದು ಚಳಿಗಾಲದಲ್ಲಿ ಸ್ಕೀ ಕಲಿಯುವ ಮಕ್ಕಳನ್ನೆಲ್ಲ ಕೋಲಿನ ಲಿಫ್ಟಿನ ಹತ್ತಿರಕ್ಕೆ ಕಳಿಸಲು ಶುರುಮಾಡಿದ. ಹಿಮ ಮೆತ್ತಗಿದೆ, ಮಕ್ಕಳಿಗೆ ಒಳ್ಳೆಯದು ಅಂತ ನೆಪ. ಮಕ್ಕಳು ಬೆಳಗಿನಿಂದ ಸಂಜೆವರೆಗೆ ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಗೇಟು ಟಿಕ್ ಟಿಕ್ ಅನ್ನುತ್ತಲೇ ಇತ್ತು. ರೋಮೆಡ್‌ಗೆ ಗೊತ್ತಾಗದೆ ಇರಲಿಲ್ಲ. ಕೋಲು ಕೊಡುತ್ತ ಹೋದ.

ಒಂದು ಮಧ್ಯಾಹ್ನ ಸೆರಾಫಿನ್ ಸೂಪಿನ ಬಟ್ಟಲು ಸರಿಸಿ, "ನೀನೇ ಹೇಳು ರೋಮೆಡ್. ಅದು ಕಳ್ಳ ಎಣಿಕೆ ತಾನೇ?" ಅಂದ.

"ಗೇಟು ಎಣಿಸ್ತದೆ. ನಾನು ಎಣಿಸಲ್ಲ."

"ಕೋಲು ಕೊಡೋನು ನೀನು."

"ಮಕ್ಳು ಬಂದು ನಿಂತ್ರೆ ಕೊಡದೆ ಏನ್ ಮಾಡ್ಲಿ, ಓಡಿಸ್ಲಾ?"

"ಇಬ್ರೂ ಎದ್ದು ಹೋಗಿ ನನ್ನ ಅಡುಗೆಮನೆಯಿಂದ," ಅಂದಳು ಬುರ್ಗಿ. ಆ ದಿನ ಅವಳು ನಗಲಿಲ್ಲ.

ಆ ವಸಂತದಲ್ಲಿ ಹಿಮ ಕರಗುವ ಹೊತ್ತಿಗೆ ಎರಡು ಊರಿನ ಯಜಮಾನರೂ ಪೇಪರಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದರು. ಗೆಬ್‌ಹಾರ್ಡ್ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ: "ಅವರ ಹಂಗೇ ನಮಗೆ ಬೇಡ. ನಮ್ಮ ಪಾಸು ನಮಗೆ, ಅವರ ಪಾಸು ಅವರಿಗೆ."

ಬೇಸಿಗೆ ಮುಗಿದು ಹಸುಗಳು ಮೇಲಿನ ಹುಲ್ಲುಗಾವಲಿನಿಂದ ಇಳಿದ ಮೇಲೆ ಸಂಘದ ಸಭೆ ಕರೆದರು. ಅದಕ್ಕೆ ಮುಂಚಿನ ಭಾನುವಾರ ಬುರ್ಗಿ ನೆತ್ತಿ ಹತ್ತಿ ಇಳಿದು ತಮ್ಮನ ಮನೆಗೆ ಬಂದಳು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿ ಕಾಲು ಚಾಚಿದಳು.

"ನನ್ನ ಊಟದ ಮನೆಗೆ ಬರೋರಲ್ಲಿ ಅರ್ಧ ಜನ ನಿಮ್ಮ ಕಡೆಯೋರು," ಅಂದಳು. "ಪಾಸು ಮುರಿದ್ರೆ ನಾನು ಬಾಗ್ಲು ಹಾಕ್ಬೇಕು."

"ಹೂಂ."

"ಹೂಂ ಅಂದ್ರೆ ಆಗ್ಲಿಲ್ಲ. ಸಭೇಲಿ ಒಂದು ಮಾತು ಆಡು. ಮುರೀಬೇಡಿ, ಇನ್ನೊಂದು ವರ್ಷ ಕೂತು ಮಾತಾಡೋಣ ಅನ್ನು. ಅಷ್ಟೇ. ನಿನ್ನ ಮಾತಿಗೆ ಬೆಲೆ ಇದೆ ಕಣೋ. ನೀನು ಬಾಯಿ ಬಿಡೋದೇ ಅಪರೂಪ, ಅದಕ್ಕೇ ಕೇಳ್ತಾರೆ."

"ಹೇಳ್ತೀನಿ."

"ನಿಜವಾಗ್ಲೂ?"

"ಹೇಳ್ತೀನಿ ಅಂದ್ನಲ್ಲ."

ಅವಳು ಅವನ ಮೊಣಕಾಲು ತಟ್ಟಿ, ಬೂಟು ಹಾಕಿಕೊಂಡು, ಬೆಳಕಿರುವಾಗಲೇ ನೆತ್ತಿ ಹತ್ತಿದಳು.

ಸ್ಟಾಫೆಲ್ ಸಂಘದಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಲಿಫ್ಟು ಬರುವುದಕ್ಕೆ ಮುಂಚೆ, ಹುಲ್ಲುಗಾವಲನ್ನು ಊರೆಲ್ಲ ಸೇರಿ ನೋಡಿಕೊಳ್ಳುತ್ತಿದ್ದ ಕಾಲದಿಂದ ಬಂದದ್ದು. ಮನೆಗೊಂದು ಕೈ. ಒಪ್ಪುವವರು ಕೂತಲ್ಲೇ ಕೈ ಎತ್ತಬಹುದು. ಒಪ್ಪದವರು ಎದ್ದು ಮುಂದೆ ಬಂದು, ಊರಿಗೆ ಮುಖ ಮಾಡಿ ನಿಂತು, ಯಾಕೆ ಒಪ್ಪುವುದಿಲ್ಲ ಅಂತ ಹೇಳಬೇಕು. ಹೇಳದೆ ಸುಮ್ಮನೆ ಕೂತರೆ ಆ ಮನೆಯನ್ನು ಒಪ್ಪಿದವರ ಲೆಕ್ಕಕ್ಕೇ ಹಾಕುತ್ತಿದ್ದರು. ಬೆನ್ನ ಹಿಂದೆ ಗೊಣಗುವುದನ್ನು ತಪ್ಪಿಸಲೆಂದು ಹಿರಿಯರು ಮಾಡಿದ ಕಟ್ಟು ಅದು.

ಸಭೆ ಸೇರಿದ್ದು ಬೆಂಕಿ ಆರಿಸುವ ದಳದ ದೊಡ್ಡ ಕೋಣೆಯಲ್ಲಿ. ಒದ್ದೆ ಉಣ್ಣೆಯ ವಾಸನೆ, ತಂಬಾಕಿನ ಹೊಗೆ. ರೋಮೆಡ್ ಹಿಂದಿನ ಸಾಲಿನಲ್ಲಿ ಕೂತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಮುರೀಬೇಡಿ. ಇನ್ನೊಂದು ವರ್ಷ ನೋಡೋಣ. ಇಷ್ಟೇ ಹೇಳಬೇಕಾಗಿದ್ದದ್ದು.

ಗೆಬ್‌ಹಾರ್ಡ್ ಮಾತಾಡಿ ಮುಗಿಸಿ, "ಒಪ್ಪದವರು ಮುಂದೆ ಬನ್ನಿ," ಅಂದ.

ರೋಮೆಡ್ ಬೇಕರಿಯ ಆಲ್ಬಾನನ ಕಡೆ ನೋಡಿದ. ಆಲ್ಬಾನನ ಹೆಂಡತಿ ಲಾನ್‌ಬಾಖಿನವಳು, ಅವನು ಮಾತುಗಾರ, ಅವನು ಏಳುತ್ತಾನೆ. ಮೊದಲು ಅವನು ಎದ್ದರೆ ತಾನು ಅವನ ಪಕ್ಕ ಹೋಗಿ ನಿಂತರೆ ಸಾಕು. ಆಲ್ಬಾನ್ ಏಳಲಿಲ್ಲ. ಅವನೂ ಇತ್ತ ತಿರುಗಿ ರೋಮೆಡನ ಕಡೆ ನೋಡುತ್ತಿದ್ದ. ಅವನ ಹಿಂದೆ ಗಾಡಿ ರಿಪೇರಿಯವನೂ ರೋಮೆಡನನ್ನೇ ನೋಡುತ್ತಿದ್ದ. ಮುಂದಿನ ಸಾಲಿನ ಮುದುಕಿಯರೂ ಕತ್ತು ತಿರುಗಿಸಿದರು. ಒಡಹುಟ್ಟಿದ ಅಕ್ಕ ಆ ಕಡೆ ಇರುವವನು ಅವನೇ. ಅವನು ಎದ್ದರೆ ಏಳೋಣ ಅಂತ ಎಲ್ಲರೂ ಕಾಯುತ್ತಿದ್ದರು.

ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ರೋಮೆಡ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ಜೋಡಿಸಿಟ್ಟ ಮಾತು ಎಲ್ಲೋ ಜಾರಿಹೋಯಿತು. ಕಾಲು ಏಳಲಿಲ್ಲ.

"ಒಪ್ಪೋರು ಕೈ ಎತ್ತಿ," ಅಂದ ಗೆಬ್‌ಹಾರ್ಡ್.

ಆ ಮುಖಗಳು ತನ್ನನ್ನು ಬಿಟ್ಟು ಅತ್ತ ತಿರುಗಲಿ ಅನ್ನುವುದೊಂದೇ ರೋಮೆಡನ ಮನಸ್ಸಿನಲ್ಲಿದ್ದದ್ದು. ಅವನು ಕೈ ಎತ್ತಿದ. ಅವನು ಎತ್ತಿದ್ದು ಕಂಡು ಆಲ್ಬಾನ್ ಎತ್ತಿದ. ಆಮೇಲೆ ಎಲ್ಲರೂ ಎತ್ತಿದರು.

ಹೊರಗೆ ಬಂದಾಗ ಆಲ್ಬಾನ್ ಅವನ ತೋಳು ಹಿಡಿದು ನಿಲ್ಲಿಸಿದ. "ನೀನು ಏಳ್ತೀಯ ಅಂತ ಕಾಯ್ತಿದ್ದೆ ಮಾರಾಯ!"

"ನಾನು ನಿನ್ನ ನೋಡ್ತಿದ್ದೆ."

"ನನ್ನನ್ಯಾಕೋ ನೋಡ್ತೀಯ? ಅಕ್ಕ ನಿನ್ನೋಳು!" ಆಲ್ಬಾನ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. "ಇನ್ನು ನಾನು ಮನೆಗೆ ಹೋಗಿ ಏನ್ ಹೇಳ್ಲಿ?"

ಸುದ್ದಿ ನೆತ್ತಿ ದಾಟಲು ಲಿಫ್ಟು ಬೇಕಾಗಲಿಲ್ಲ. ಮೊದಲ ಹಿಮ ಬೀಳುವ ಮುಂಚೆಯೇ ಯಾರು ಯಾರು ಕೈ ಎತ್ತಿದರು, ಯಾರದು ಮೊದಲು ಎದ್ದಿತು ಅನ್ನುವುದೆಲ್ಲ ಲಾನ್‌ಬಾಖಿಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ನೆತ್ತಿಯ ಉದ್ದಕ್ಕೂ ಗೂಟ ಹೊಡೆದು ಕಿತ್ತಳೆ ಬಣ್ಣದ ಬಲೆ ಕಟ್ಟಿದರು. ಗೂಟ ಹೊಡೆದವರಲ್ಲಿ ರೋಮೆಡನೂ ಇದ್ದ. ಬಲೆ ಸೊಂಟದವರೆಗೂ ಬರುತ್ತಿರಲಿಲ್ಲ. ಹಿಮ ಬಿದ್ದ ಮೇಲೆ ಮೊಣಕಾಲಷ್ಟೇ ಉಳಿಯಿತು.

ಬಂದ ಜನಕ್ಕೆ ಅರ್ಥವೇ ಆಗಲಿಲ್ಲ. ಪ್ರತಿ ವರ್ಷ ಬರುವ ಹಾಲೆಂಡಿನ ದಪ್ಪ ಮನುಷ್ಯನೊಬ್ಬ ಬಲೆಯ ಮುಂದೆ ನಿಂತು ಕೈಯಲ್ಲಿದ್ದ ಸ್ಕೀ ಕೋಲು ಆಡಿಸಿದ.

"ಹೋದ ವರ್ಷ ಇಲ್ಲಿಂದ್ಲೇ ಇಳಿದಿದ್ದೆನಲ್ರೀ. ಬೆಟ್ಟ ಅದೇ, ಹಿಮ ಅದೇ, ನೀವೂ ಅವರೇ. ಬದಲಾಗಿರೋದು ಏನು?"

"ಪಾಸು," ಅಂದ ರೋಮೆಡ್.

"ಮತ್ತೆ ನಾನು ಊಟ ಎಲ್ಲಿ ಮಾಡ್ಲಿ? ಆ ಹೆಂಗಸಿನ ಸೂಪಿಗಾಗೇ ನಾನು ಬರೋದು!"

ರೋಮೆಡ್ ಬಂದ ಕೋಲನ್ನು ಹಿಡಿದು ಮುಂದಿನವರಿಗೆ ಕೊಟ್ಟ.

ಒಂದು ದಿನ ಸೆರಾಫಿನ್ ಬಲೆಯ ಆಚೆ ಬಂದು ನಿಂತ. ಸರ್ಕಾರ ಗಿರ್ಕಾರ ಅನ್ನಲಿಲ್ಲ.

"ಕೈ ಎತ್ತಿದ್ಯಂತೆ."

"ಹೂಂ."

"ಪೂರ್ತಿ ಎತ್ತಿದ್ಯೋ, ಅರ್ಧವೋ?"

ರೋಮೆಡ್ ಬೂಟಿನ ತುದಿಯಿಂದ ಹಿಮ ಕೆದಕಿದ.

"ಬುರ್ಗಿ ಏನೂ ಅಂದಿಲ್ಲ," ಅಂದ ಸೆರಾಫಿನ್. "ಬೈದಿದ್ರೆ ಪರವಾಗಿರಲಿಲ್ಲ. ನನ್ನ ಮೇಲಾದ್ರೆ ದಿನಾ ಕೂಗಾಡ್ತಾಳೆ. ನಿನ್ನ ಹೆಸರು ಬಂದ್ರೆ ಪಾತ್ರೆ ತೊಳೀತಾಳೆ."

ಊಟದ ಮನೆ ರೋಮೆಡ್ ನಿಲ್ಲುವ ಜಾಗದಿಂದ ಕಾಣುತ್ತಿತ್ತು. ಆ ಚಳಿಗಾಲದ ಮೊದಲ ವಾರದಲ್ಲಿ, ಮಧ್ಯಾಹ್ನ ಜನ ಕಡಿಮೆಯಾದ ಹೊತ್ತಿಗೆ, ಬುರ್ಗಿ ಹಿಂಬಾಗಿಲು ತೆಗೆದು ಹೊರಗೆ ಬಂದಳು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಇತ್ತ ನೋಡುತ್ತ ನಿಂತಳು. ಕೂಗಲಿಲ್ಲ, ಕೈ ಬೀಸಲಿಲ್ಲ. ರೋಮೆಡ್ ಪೊರಕೆ ತೆಗೆದುಕೊಂಡು, ಆಗಲೇ ಗುಡಿಸಿದ್ದ ಜಾಗವನ್ನು ಮತ್ತೆ ಗುಡಿಸಿದ. ತಲೆ ಎತ್ತಿ ನೋಡಿದಾಗ ಬಾಗಿಲು ಮುಚ್ಚಿತ್ತು.

ಮರುದಿನವೂ ಬಂದು ನಿಂತಳು. ಅದರ ಮರುದಿನವೂ. ಆಮೇಲೆ ಬರುವುದು ನಿಂತಿತು.

ಬಲೆ ದಾಟಬಾರದು ಅಂತ ಗೆಬ್‌ಹಾರ್ಡ್ ಲಿಫ್ಟಿನವರಿಗೆ ಹೇಳಿದ್ದೇನೋ ನಿಜ. ಆದರೆ ಅದನ್ನು ಯಾರೂ ಕಾಯುತ್ತಿರಲಿಲ್ಲ. ಜೊತೆಯವರು ಸಿಗರೇಟಿಗೆಂದು ದಾಟಿಹೋಗಿ ಬರುತ್ತಿದ್ದರು. ರೋಮೆಡ್ ಮಾತ್ರ ದಾಟಲಿಲ್ಲ. ಮನೆಯಿಂದ ತಂದ ಬ್ರೆಡ್ಡು, ಹೊಗೆ ಹಾಕಿದ ಹಂದಿಮಾಂಸವನ್ನು ಲಿಫ್ಟಿನ ಗೂಡಿನಲ್ಲೇ ಕೂತು ತಿಂದ. ನಾಳೆ ಹೋಗೋಣ ಅಂದುಕೊಂಡ. ಕ್ರಿಸ್‌ಮಸ್ ಕಳೆಯಲಿ ಅಂದುಕೊಂಡ. ದಿನ ಹೋದಷ್ಟೂ ಹೋಗಿ ಹೇಳಬೇಕಾದ ಮಾತು ಉದ್ದವಾಗುತ್ತ ಹೋಯಿತು, ಅವನಿಗೆ ಬರುತ್ತಿದ್ದ ಮಾತು ಅಷ್ಟೇ ಇತ್ತು.

ಮುಂದಿನ ಚಳಿಗಾಲಕ್ಕೆ ಬುರ್ಗಿ ಒಲೆ ಹಚ್ಚಿದಳು, ಗಿರಾಕಿಗಳಿಲ್ಲದೆ ಅರ್ಧದಲ್ಲೇ ಆರಿಸಿದಳು. ಗುತ್ತಿಗೆ ಬಿಟ್ಟುಕೊಟ್ಟು ಗಂಡ ಹೆಂಡತಿ ಕೆಳಗಿನ ಪೇಟೆಗೆ ಹೋದರು. ಅವಳಿಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ಅವನು ಬಸ್ಸು ಓಡಿಸಲು ಸೇರಿದ. ಊಟದ ಮನೆಯ ಕಿಟಕಿಗಳಿಗೆ ಹಲಗೆ ಹೊಡೆದರು.

ಸಾವು, ಮದುವೆ, ಮಗುವಿನ ಹೆಸರಿಡುವ ದಿನ ಅಂತ ಅಕ್ಕ ತಮ್ಮ ಅಲ್ಲಲ್ಲಿ ಎದುರಾಗುತ್ತಿದ್ದರು. "ಹುಲ್ಲು ಆಯ್ತಾ?" ಅಂತ ಅವಳು ಕೇಳುತ್ತಿದ್ದಳು. "ಆಯ್ತು," ಅನ್ನುತ್ತಿದ್ದ. "ಸೆರಾಫಿನ್ ಹೇಗಿದ್ದಾನೆ?" "ಇದ್ದಾನೆ." ಅಷ್ಟಕ್ಕೆ ಮಾತು ಮುಗಿಯುತ್ತಿತ್ತು.

ಪಾಸು ಮುರಿದದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಅರ್ಧ ಬೆಟ್ಟಕ್ಕೆ ಪೂರ್ತಿ ಪಾಸು ಕೊಳ್ಳುವವರಾರು? ಜನ ಇನ್ನೂ ದೂರದ, ಇನ್ನೂ ದೊಡ್ಡ ಊರುಗಳಿಗೆ ಹೋದರು. ಸ್ಟಾಫೆಲ್‌ನ ಎರಡು ವಸತಿಮನೆ ಬಾಗಿಲು ಹಾಕಿದವು. ಲಾನ್‌ಬಾಖಿನ ಗಾಜಿನ ಡಬ್ಬಿಗಳು ಖಾಲಿಯೇ ಹತ್ತಿ ಖಾಲಿಯೇ ಇಳಿದವು. ರೋಮೆಡನ ಕೋಲುಗಳೂ ಗಾಳಿಯನ್ನೇ ಎಳೆದವು. ಕೊನೆಗೆ, ರೋಮೆಡ್‌ಗೆ ಐವತ್ತು ದಾಟಿದ್ದಾಗ, ಸೀಮೆಯ ಊರುಗಳೆಲ್ಲ ಸೇರಿ ಒಂದೇ ಪಾಸು ಮಾಡಿದವು. ಪಾಲು ಹಂಚುವುದು ಎಷ್ಟು ಎತ್ತರ ಹತ್ತಿಸುತ್ತಾರೆ ಅನ್ನುವುದರ ಮೇಲೆ. ಹಿಂದೆ ಲಾನ್‌ಬಾಖಿನವರು ಕೇಳಿದ್ದೂ ಅದನ್ನೇ. ಸ್ಟಾಫೆಲ್ ಕೂತಲ್ಲೇ ಕೈ ಎತ್ತಿ ಒಪ್ಪಿತು. ಆ ಸಭೆಯಲ್ಲೂ ಯಾರೂ ಮುಂದೆ ಬಂದು ನಿಲ್ಲಲಿಲ್ಲ.

ಬಲೆ ಕೀಳುವ ದಿನ ನೆತ್ತಿಯ ಮೇಲೆ ಎರಡೂ ಊರಿನ ವಾದ್ಯದವರು ಬಂದರು. ಪಾದ್ರಿಗಳು ನೀರು ಚಿಮುಕಿಸಿದರು. ಮುದುಕನಾಗಿದ್ದ ಗೆಬ್‌ಹಾರ್ಡ್ ಮೈಕು ಹಿಡಿದು, ನಾವು ಯಾವತ್ತೂ ಅಣ್ಣತಮ್ಮಂದಿರಾಗಿಯೇ ಇದ್ದವರು ಅಂದ. ಆಲ್ಬಾನ್ ರೋಮೆಡನ ಪಕ್ಕೆ ತಿವಿದು, "ಕೇಳಿಸ್ತಾ? ಇವನ ಅಣ್ಣತಮ್ಮಂದಿರಂತೆ," ಅಂದ. ತಿರುಗಿ ನೋಡಿದರೆ ರೋಮೆಡ್ ಇರಲಿಲ್ಲ. ಭಾಷಣ ಮುಗಿಯುವ ಮುಂಚೆಯೇ ಅವನು ಸ್ಕೀ ಕಟ್ಟಿಕೊಂಡು ಲಾನ್‌ಬಾಖಿನ ಕಡೆ ಇಳಿದುಬಿಟ್ಟಿದ್ದ.

ಇಗರ್ಜಿಯ ಮುಂದೆ ಸ್ಕೀ ಬಿಚ್ಚಿ ಗೋಡೆಗೆ ಒರಗಿಸಿದ. ಸ್ಕೀ ಬೂಟಿನಲ್ಲೇ ಪೇಟೆಯ ಬಸ್ಸು ಹತ್ತಿದ. ಜನ ಕಾಲು ನೋಡಿದರು, ಇವನು ಕಿಟಕಿ ನೋಡಿದ.

ವೃದ್ಧಾಶ್ರಮದಲ್ಲಿ ಆಗಷ್ಟೇ ಊಟ ಮುಗಿದಿತ್ತು. ಬುರ್ಗಿ ದೊಡ್ಡ ಹಂಡೆ ಉಜ್ಜುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೆಲದ ಮೇಲೆ ಬೂಟಿನ ಟಕಟಕ ಕೇಳಿ ತಿರುಗಿದಳು.

"ಅಯ್ಯೋ, ನೆಲ ಒರೆಸಿದ್ದೀನಿ ಕಣೋ," ಅಂದಳು ಮೊದಲು. ಆಮೇಲೆ, "ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಬಲೆ ಕಿತ್ರು."

"ಪೇಪರಿನಲ್ಲಿ ನೋಡ್ದೆ."

ರೋಮೆಡ್ ಅಲ್ಲೇ ನಿಂತಿದ್ದ. ಬೂಟಿನಿಂದ ನೀರು ಇಳಿದು ಒರೆಸಿದ ನೆಲದ ಮೇಲೆ ಹರಡುತ್ತಿತ್ತು.

"ನಾನು ಮಾತಾಡ್ಬೇಕಿತ್ತು ಬುರ್ಗಿ," ಅಂದ. "ಆವತ್ತು."

ಅವಳು ಹಂಡೆ ಬಿಟ್ಟು ಕೈ ಒರೆಸಿಕೊಂಡಳು.

"ನಿನಗೆ ಮಾತು ಬರಲ್ಲ. ಅದು ನನಗೂ ಗೊತ್ತಿತ್ತು. ಊರ ಮುಂದೆ ನಿಂತು ಮಾತಾಡು ಅಂತ ನಿನ್ನನ್ನ ಕೇಳಿದ್ದೇ ನನ್ನ ತಪ್ಪು. ಅದಕ್ಕೆ ನನಗೆ ಸಿಟ್ಟು ಬರ್ಲಿಲ್ಲ. ಸಿಟ್ಟು ಅಲ್ಲ, ಬೇಜಾರು ಬಂತು, ಅದು ಒಂದು ವಾರ ಇತ್ತು, ಹೋಯ್ತು."

"ಮತ್ತೆ?"

"ಬಾಯಿ ಇಲ್ಲ, ಸರಿ. ಕಾಲಿತ್ತಲ್ಲೋ. ಕಾಲಲ್ಲಿ ನಡ್ಕೊಂಡು ಬರೋರಿಗೆ ಪಾಸು ಯಾವತ್ತು ಕೇಳಿದ್ರು? ಮೊಣಕಾಲೆತ್ತರದ ಬಲೆ. ಬಂದು ಬೆಂಚಿನ ಮೇಲೆ ಕೂತಿದ್ರೆ ಆಗಿತ್ತು. ನಾನೇನು ವಿವರಣೆ ಕೇಳ್ತಿದ್ನಾ? ಆ ಚಳಿಗಾಲವೆಲ್ಲ ನಿನ್ನ ಪಾಲಿನ ಸೂಪು ತೆಗೆದಿಟ್ಟು ಸಂಜೆ ಚೆಲ್ಲಿದೀನಿ."

ಸಭೆಯಲ್ಲಿ ಎತ್ತಿದ ಕೈಯನ್ನೇ ರೋಮೆಡ್ ಇಷ್ಟು ವರ್ಷ ತನ್ನ ತಪ್ಪೆಂದು ಹೊತ್ತುಕೊಂಡು ತಿರುಗಿದ್ದ. ಆ ಕೈಯನ್ನು ಅವಳು ಒಂದು ವಾರದಲ್ಲಿ ಮರೆತಿದ್ದಳು. ದಿನ ದಿನವೂ ಗೂಡಿನಲ್ಲಿ ಒಬ್ಬನೇ ಕೂತು ಬ್ರೆಡ್ಡು ತಿಂದದ್ದನ್ನು ಅವನು ತಪ್ಪಿಗೆ ಶಿಕ್ಷೆ ಅಂದುಕೊಂಡಿದ್ದ. ಅವಳಿಗೆ ಅದೇ ತಪ್ಪಾಗಿ ಕಂಡಿತ್ತು.

"ಮತ್ತೆ ನೆತ್ತಿಗೆ ಬರ್ತೀಯಾ? ಈಗ ದಾರಿ ಇದೆ," ಅಂದ ಕೊನೆಗೆ.

"ಮಂಡಿಗೆ ಆಪರೇಷನ್ ಆಗಿದೆ. ಸ್ಕೀ ಬಿಟ್ಟೆ. ಅಲ್ಲಿ ಒಲೆಯೂ ಇಲ್ವಂತೆ ಈಗ. ಗಾಜಿನ ಕಟ್ಟಡ ಬರ್ತದಂತೆ."

"ಹೂಂ."

ಒಳಗಿನಿಂದ ಯಾರೋ ಅಜ್ಜಿ ಕಾಫಿಗೆ ಕರೆದಳು. "ಬಂದೆ," ಎಂದು ಬುರ್ಗಿ ಕೂಗಿ ಹೇಳಿ, ತಮ್ಮನ ಕಡೆ ತಿರುಗಿದಳು.

"ಭಾನುವಾರ ನನಗೆ ರಜೆ. ನಿಮ್ಮೂರಿಂದ ಬೆಳಿಗ್ಗೆ ಬಸ್ಸಿದೆ. ಬರೋದಾದ್ರೆ ಬಾ. ಬರ್ತೀನಿ ಅಂತ ಮಾತ್ರ ಹೇಳ್ಬೇಡ."

ಅವನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಇಗರ್ಜಿಗೂ ಹೋಗದೆ ಬಸ್ಸು ಹತ್ತಿದ. ಕಣಿವೆ ಸುತ್ತಿ ಪೇಟೆ ಸೇರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಾಗಿಲು ತೆಗೆದವನು ಸೆರಾಫಿನ್. ಅವನು ಸರ್ಕಾರ ಅನ್ನುವ ಹಳೆಯ ಹೆಸರಿಟ್ಟು ಕರೆಯಲಿಲ್ಲ, ಮುಖ ಗಂಟು ಹಾಕಿಕೊಳ್ಳಲೂ ಇಲ್ಲ. ಬೂಟು ಬಿಚ್ಚಿ ಹಾಕಿಕೊಳ್ಳಲು ಮನೆಚಪ್ಪಲಿ ಮುಂದಿಟ್ಟ. ಮೂವರೂ ಸಣ್ಣ ಮೇಜಿನ ಸುತ್ತ ಕೂತು ಉಂಡರು. ಬುರ್ಗಿ ಹಸುಗಳ ಬಗ್ಗೆ ಕೇಳಿದಳು. ಹಸು ಮಾರಿ ಮೂರು ವರ್ಷವಾಯಿತು ಅಂದ ರೋಮೆಡ್. "ಓ," ಅಂದಳು ಅವಳು, "ಗೊತ್ತಿರಲಿಲ್ಲ." ಒಬ್ಬರಿಗೊಬ್ಬರು ಹೇಳದೆ ಉಳಿದ ಇಂಥ ಸಂಗತಿಗಳೇ ತುಂಬ ಇದ್ದವು. ಎಲ್ಲಿಂದ ಶುರು ಮಾಡುವುದು ಅಂತ ಮೂವರಿಗೂ ತಿಳಿಯಲಿಲ್ಲ. ಬ್ರೆಡ್ಡಿನ ಬುಟ್ಟಿಯನ್ನು ಒಬ್ಬರ ಕಡೆಯಿಂದ ಒಬ್ಬರ ಕಡೆಗೆ ಸರಿಸುತ್ತ ಕೂತರು.